ಏಕಕಾಲ ಡೌನ್‌ಲೋಡ್ ನಿಗ್ರಹ ಮೀಮಾಂಸೆ: ಬ್ಲಫ್ ಪಕ್ಷದ ಮಂಡನೆ

ಒಬ್ಬನು ಏಕಕಾಲದಲ್ಲಿ ಎಷ್ಟು ಕಡತ ಇಳಿಸಿಕೊಳ್ಳಬಹುದು ಎಂಬ ಶಾಸ್ತ್ರವು ಅಮೆರಿಕದಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ಅದನ್ನು ಖಂಡಿಸಿ, ಅದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿಯ ಬ್ಲಫ್‌ನಲ್ಲೇ ಹುಟ್ಟಿತೆಂದು ಸ್ಥಾಪಿಸುವುದು ಈ ಗ್ರಂಥದ ಪ್ರಯೋಜನ. ಇದನ್ನು ಓದುವ ಅಧಿಕಾರ ಯಾರಿಗೆಂದರೆ, ಮುಗಿಯುವ ಹೊತ್ತಿಗೆ ಕೈಕೊಟ್ಟ ಡೌನ್‌ಲೋಡಿನ ಮುಂದೆ ಕೂತು ದೇವರ ಹೆಸರು ತೆಗೆದವರೆಲ್ಲರಿಗೂ.

ಪ್ರಮಾಣ ಹೀಗಿದೆ. 1902ರ ಜೂನ್ 30ರಂದು ಕಾವೇರಿಯು ಕೊಳವೆಗಳಲ್ಲಿ ಸುಮಾರು 400 ಅಡಿ ಇಳಿದು ಶಿವನಸಮುದ್ರದ ಯಂತ್ರಗಳನ್ನು ತಿರುಗಿಸಿತು. ಹುಟ್ಟಿದ ಕರೆಂಟು ಪಕ್ಕದ ಊರಿಗೆ ಹೋಯಿತೇ? ಇಲ್ಲ, ಸುಮಾರು 147 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಅಲ್ಲಿಯತನಕ ಸರ್ವರ್ ಒಂದು, ಗಿರಾಕಿ ಊರೂ ಒಂದು. ಇದಕ್ಕಿಂತ ಬಿಗಿಯಾದ ಮಿತಿ ಯಾವ ಶಾಸ್ತ್ರದಲ್ಲಿದೆ, ತೋರಿಸಿ. ಮಳೆ ಕೈಕೊಟ್ಟ ತಿಂಗಳುಗಳಲ್ಲಿ ಸರ್ವರ್ ಬಡವಾಗಬಾರದೆಂದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನವೀನರು ಇದನ್ನೇ ಕ್ಯಾಶ್ ಎನ್ನುತ್ತಾರೆ.

ಇನ್ನು ಸ್ಮೃತಿಗಳು. 1999ರ ಎಚ್‌ಟಿಟಿಪಿ ಸ್ಮೃತಿಯು ಒಬ್ಬನಿಗೆ ಒಂದು ಸರ್ವರಿನೊಡನೆ ಎರಡೇ ಕನೆಕ್ಷನ್ ಎಂದು ವಿಧಿಸಿತು. 2014ರ ಸ್ಮೃತಿ ಆ ಸಂಖ್ಯೆ ಬಿಟ್ಟು, ಹಿತಮಿತವಾಗಿರಿ ಎಂದಿತು. ಡೌನ್‌ಲೋಡ್ ಮ್ಯಾನೇಜರುಗಳು ಎರಡಕ್ಕೂ ಕಿವಿಗೊಡದೆ ಒಂದೇ ಕಡತವನ್ನು ಎಂಟು ಹೋಳು ಮಾಡಿ ಎಂಟು ಕನೆಕ್ಷನ್‌ಗಳಲ್ಲಿ ಎಳೆಯುತ್ತವೆ. ಕನೆಕ್ಷನ್ ಒಂದಕ್ಕೆ ಇಷ್ಟೇ ವೇಗ ಎಂದು ಕಟ್ಟು ಹಾಕಿದರೆ ಎಂಟು ಪಟ್ಟು ವೇಗ! ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ರಾತ್ರೋರಾತ್ರಿ ತೂಬು ಎತ್ತಿದರೆ ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ಏನು ಉಳಿಯುತ್ತದೆಂದು ಈ ಸೀಮೆಯವರಿಗೆ ಭಾಷ್ಯ ಬರೆಯಬೇಕಾಗಿಲ್ಲ.

ಆದ್ದರಿಂದ ನೀರುಗಂಟಿ ಬೇಕು. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಅವನ ಹೆಸರು ಲಿಮಿಟ್ ಕಾನ್. ಅವನದೊಂದು ಲೆಕ್ಕದ ಪುಸ್ತಕ. ಮೆಗಾಬೈಟ್ ಒಂದರಲ್ಲಿ 64 ಬೈಟಿನ ಸುಮಾರು 16 ಸಾವಿರ ನಮೂದು ಹಿಡಿಯುತ್ತವೆ. ಬದುವಿನ ಮೇಲೆ ಸುಮ್ಮನೆ ಕೂತವರನ್ನು ಅವನು ಎಣಿಸುವುದಿಲ್ಲ; ಕೋರಿಕೆಯ ತಲೆಬರಹ ಪೂರ್ತಿ ಓದಿದ ಮೇಲೆಯೇ ಲೆಕ್ಕ. ಮಿತಿ ಮೀರಿದವನಿಗೆ 503 ಅಂದು ಬಾಗಿಲು ತೋರಿಸುತ್ತಾನೆ.

ಇಲ್ಲೇ ಪಂಡಿತರ ಜಗಳ. ಈ ನೀರುಗಂಟಿ ಸಾಮಾನ್ಯವಾಗಿ ಎಣಿಸುವುದು ಐಪಿ ವಿಳಾಸವನ್ನು, ಮನುಷ್ಯರನ್ನಲ್ಲ. ಮೊಬೈಲ್ ಕಂಪನಿಗಳೋ ಅನೇಕ ಗಿರಾಕಿಗಳನ್ನು ಒಂದೇ ಹೊರವಿಳಾಸದ ಹಿಂದೆ ನಿಲ್ಲಿಸುತ್ತವೆ. ಬ್ಲಫ್‌ನ ಹುಡುಗ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಟ್ಟುಗಟ್ಟಲೆ ಇಳಿಸುತ್ತಿದ್ದರೆ, ಅದೇ ಸರ್ವರಿನಲ್ಲಿ ಹಾಲ್‌ಟಿಕೆಟ್ ಕೇಳಿದ ಮಳವಳ್ಳಿಯ ಹುಡುಗಿಗೆ 503. ವಿಳಾಸ ಒಂದಾದ ಮೇಲೆ ಪಾಪವೂ ಒಂದೇ ಎಂದು ಕರ್ಮಠರು. ಲಾಗಿನ್ ಹೆಸರನ್ನು ಎಣಿಸಿ ಎಂದು ಸುಧಾರಕರು. ಒಬ್ಬನೇ ಐದು ಹೆಸರಿನಲ್ಲಿ ಬಂದರೆ ಎಂದು ಕರ್ಮಠರು ಕೇಳಲಾಗಿ, ಸುಧಾರಕರು ಕಾಫಿಗೆ ಎದ್ದುಹೋದರು. ನನ್ನ ಒಲವು ಸುಧಾರಕರ ಕಡೆಗೆ, ಕಾಫಿಗಾಗಿ ಅಲ್ಲ.

ಲೆಕ್ಕದ ಪುಸ್ತಕವೇ ತುಂಬಿಹೋದರೆ? ನೀರುಗಂಟಿ ಹೊಸ ಪುಸ್ತಕ ತರುವುದಿಲ್ಲ. ಆಮೇಲೆ ಬಂದವರೆಲ್ಲರಿಗೂ, ಒಂದೇ ಒಂದು ಕಡತ ಬೇಡಿದವನಿಗೂ, ಅದೇ 503. ಇದು ಸಮದರ್ಶಿತ್ವವೋ ಸೋಮಾರಿತನವೋ ಎಂದು ತೀರ್ಮಾನಿಸಲು ಬ್ಲಫ್ ಪಕ್ಷ ಸಭೆ ಕರೆದಿದೆ. ಆಹ್ವಾನಪತ್ರಿಕೆಯ ಪಿಡಿಎಫ್ ಅನ್ನು ಎಲ್ಲರೂ ಒಟ್ಟಿಗೇ ಇಳಿಸಿಕೊಳ್ಳಲು ಹೋದದ್ದರಿಂದ ಸಭೆಯ ತಾರೀಖು ಇನ್ನೂ ಯಾರಿಗೂ ಗೊತ್ತಾಗಿಲ್ಲ.