ದ್ವಿತೀಯ ಆಲ್ಬಮ್ ಮೀಮಾಂಸೆ

ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂಬುದಕ್ಕೂ ಪಂಚಾಂಗದಲ್ಲಿ ಪುಟ ಮೀಸಲಿಟ್ಟ ನಾಡಿನಲ್ಲಿ, ಅಮೆರಿಕದ ಕ್ರೈಸ್ತ ರಾಕ್ ತಂಡಗಳ ಎರಡನೆಯ ಆಲ್ಬಮ್ ಕೇಳಿದವರ ಮೇಲೆ ಆಗುವ ಪರಿಣಾಮಕ್ಕೆ ಒಂದು ಶಾಸ್ತ್ರವಿಲ್ಲದಿರುವುದು ವಿದ್ವಲ್ಲೋಕ ತಲೆತಗ್ಗಿಸಬೇಕಾದ ಸಂಗತಿ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರೈಸ್ತ ರಾಕ್ ತಂಡವೊಂದು ಎರಡನೆಯ ಆಲ್ಬಮ್ ಹೊರತರುವುದು ಮೊದಲನೆಯದನ್ನು ಒಳ್ಳೆಯದು ಮಾಡುವುದಕ್ಕಾಗಿ. ಎರಡನೆಯದು ಬರುವ ತನಕ ಮೊದಲನೆಯದು ಶಂಕಾಸ್ಪದ. ಬಂದ ಮರುದಿನದಿಂದ ಅದು ಪರಮಪವಿತ್ರ.

ಇದಕ್ಕೆ ಮುಖ್ಯ ಸಾಕ್ಷ್ಯ ಜಾರ್ಸ್ ಆಫ್ ಕ್ಲೇ. ಇಲಿನಾಯ್ ರಾಜ್ಯದ ಗ್ರೀನ್‌ವಿಲ್ ಕಾಲೇಜಿನ ಹುಡುಗರು ಕಟ್ಟಿದ ಈ ತಂಡದ ಹೆಸರು ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಿಂದ ಬಂದದ್ದು. ಮೊದಲನೆಯ ಪತ್ರ ಕೈಗೆಟುಕುವಂತಿದ್ದರೂ ಎರಡನೆಯದಕ್ಕೇ ಕೈಹಾಕಿದ್ದು ಕಾಕತಾಳೀಯವೆಂದು ಈ ಪ್ರಬಂಧಕಾರ ಒಪ್ಪುವುದಿಲ್ಲ. 1995ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ‘ಫ್ಲಡ್’ ಹಾಡು ಕ್ರೈಸ್ತ ರೇಡಿಯೊದ ಬೇಲಿ ಹಾರಿ ಲೌಕಿಕ ರಾಕ್ ಕೇಂದ್ರಗಳಲ್ಲೂ ಮೊಳಗಿತು. ಆಲ್ಬಮ್ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಭಕ್ತರಿಗೆ ಹೆಮ್ಮೆಯೊಂದಿಗೇ ಒಳಗೊಳಗೆ ದಿಗಿಲು. ಪಾಪಿಗಳು ಕೂಡ ತಲೆದೂಗುವ ಹಾಡು ನಿಜವಾಗಿಯೂ ನಮ್ಮದೇ? 1997ರ ಸೆಪ್ಟೆಂಬರಿನಲ್ಲಿ ಎರಡನೆಯ ಆಲ್ಬಮ್ ‘ಮಚ್ ಅಫ್ರೇಡ್’ ಬಂದದ್ದೇ ತಡ, ದಿಗಿಲೆಲ್ಲ ಹೊಸದಕ್ಕೆ ವರ್ಗವಾಯಿತು. ಹಳೆಯದು ನಿರ್ಮಲವಾಗಿ, ನಿಷ್ಠೆಯ ಮಾದರಿಯಾಗಿ ನಿಂತಿತು. ಹೊಸದರ ಶೀರ್ಷಿಕೆ ಹ್ಯಾನಾ ಹರ್ನರ್ಡ್ ಬರೆದ ರೂಪಕ ಕಥೆಯ ನಾಯಕಿಯ ಹೆಸರು. ಬಲು ಅಂಜುಬುರುಕಿ ಅವಳು. ಶ್ರೋತೃಗಳ ಸ್ವಭಾವ ಬಲ್ಲವರು ಇಟ್ಟ ಹೆಸರೆಂದು ಧಾರಾಳವಾಗಿ ಹೇಳಬಹುದು.

ಶ್ರೋತೃಗಳ ದೂರನ್ನು ಪ್ರಮಾಣಶಾಸ್ತ್ರದ ಒರೆಗೆ ಹಚ್ಚಿದರೆ ಸ್ವಾರಸ್ಯವಾದ ಸಂಗತಿ ಹೊಳೆಯುತ್ತದೆ. ಅವರು ಕೇಳಿದ್ದನ್ನು ಕುರಿತು ದೂರುವುದು ಕಡಿಮೆ, ಕೇಳಿಸದೆ ಹೋದದ್ದನ್ನು ಕುರಿತೇ ಹೆಚ್ಚು. ಯೇಸುವಿನ ಹೆಸರು ಎಲ್ಲಿ? ಇಲ್ಲದಿರುವುದನ್ನು ತಿಳಿಯಲು ‘ಅನುಪಲಬ್ಧಿ’ ಎಂಬ ಪ್ರತ್ಯೇಕ ಪ್ರಮಾಣವೇ ಬೇಕೆಂದವರು ನಮ್ಮ ಭಾಟ್ಟ ಮೀಮಾಂಸಕರು. ಬೇಡ, ಪ್ರತ್ಯಕ್ಷವೇ ಸಾಕೆಂದವರು ನೈಯಾಯಿಕರು. ಈ ಜಗಳದಲ್ಲಿ ಅಮೆರಿಕದ ಕ್ರೈಸ್ತ ಶ್ರೋತೃ ನಿಸ್ಸಂದೇಹವಾಗಿ ಕುಮಾರಿಲ ಭಟ್ಟನ ಪಕ್ಷ. ಆ ಸಂಗೀತೋದ್ಯಮದೊಳಗೇ ಒಂದು ಹಳೆಯ ಕುಚೋದ್ಯವಿದೆ: ಹಾಡನ್ನು ನಿಮಿಷಕ್ಕೆ ಎಷ್ಟು ಯೇಸು ಎಂಬ ದರದಲ್ಲಿ ಅಳೆಯಬೇಕಂತೆ. ಕುಚೋದ್ಯವನ್ನು ಗಣಿತವಾಗಿ ಸ್ವೀಕರಿಸುವುದು ಪಂಡಿತನ ಧರ್ಮ. ಹೆಸರುಗಳ ಸಂಖ್ಯೆ ಅಂಶ, ನಿಮಿಷಗಳು ಛೇದ. ಹೀಗಿರುವಾಗ ಎರಡನೆಯ ಆಲ್ಬಮ್ಮಿನ ‘ಫ್ರೇಲ್’ ಸುಮಾರು ಏಳು ನಿಮಿಷ ನಿಧಾನವಾಗಿ ಹರಿದು ಛೇದವನ್ನು ನಿಷ್ಕಾರಣವಾಗಿ ಉಬ್ಬಿಸುತ್ತದೆ. ಆತ್ಮದ ದೌರ್ಬಲ್ಯವನ್ನು ಎರಡೂವರೆ ನಿಮಿಷದಲ್ಲಿ ತೋಡಿಕೊಂಡಿದ್ದರೆ ದರವಾದರೂ ಸುಧಾರಿಸುತ್ತಿತ್ತು. ಆದರೆ ಸಿದ್ಧಾಂತಕ್ಕೆ ಬೇಕಾದ ಸಾಕ್ಷ್ಯ ಬೇರೆಯೇ ಇದೆ. ಪವಿತ್ರವೆಂದು ಈಗ ಎಲ್ಲರೂ ಕೊಂಡಾಡುವ ‘ಫ್ಲಡ್’ ಹಾಡಿನಲ್ಲಿ ಯೇಸುವಿನ ಹೆಸರು ಒಮ್ಮೆಯೂ ಬರುವುದಿಲ್ಲ. ನೋಹನ ಪ್ರಳಯದ ನಲವತ್ತು ದಿನಗಳ ಸುಳಿವುಂಟು, ಪಾಪದ ಅಲೆಗಳ ಮಾತುಂಟು, ಹೆಸರಿಲ್ಲ. ದರ ಸೊನ್ನೆ. ಅಂದರೆ ಎಣಿಕೆ ಆರಂಭವಾಗುವುದೇ ಎರಡನೆಯ ಆಲ್ಬಮ್ಮಿನಿಂದ. ಮೊದಲನೆಯದಕ್ಕೆ ಪೂರ್ವಾನ್ವಯ ವಿನಾಯಿತಿ.

ಎಣಿಕೆಯ ಪದ್ಧತಿಯನ್ನು ಸಮರ್ಥಿಸುವವರಿಗೆ ಇಲ್ಲೊಂದು ಮಾತು. ಹೀಬ್ರೂ ಭಾಷೆಯ ಎಸ್ತೇರಳ ಗ್ರಂಥದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಆದರೂ ಅದು ಬೈಬಲ್ಲಿನೊಳಗೆ ಸುಖವಾಗಿದೆ. ಯಾವ ಎರಡನೆಯ ಗ್ರಂಥವೂ ಇಲ್ಲದ್ದರಿಂದ ಎಸ್ತೇರಳು ಬಚಾವಾದಳು ಎಂದೇ ತಿಳಿಯಬೇಕು.

ಪೂರ್ವಪಕ್ಷಿಗಳು ಈಗ ಏಳುತ್ತಾರೆ. ದೂರು ಧರ್ಮದ್ದಲ್ಲ, ನಾದದ್ದು ಎಂಬುದು ಮೊದಲ ಆಕ್ಷೇಪ. ಹೊಸ ಆಲ್ಬಮ್ಮನ್ನು ರೂಪಿಸಿದವರು ಆನಿ ಲೆನಕ್ಸ್‌ಗೆ ಕೆಲಸ ಮಾಡಿದ್ದ ಸ್ಟೀಫನ್ ಲಿಪ್ಸನ್; ನಯಗಾರಿಕೆ ಹೆಚ್ಚಾಗಿ ಮೊದಲಿನ ಮರದ ಗಿಟಾರಿನ ಒರಟು ಚೆಲುವು ಹೋಯಿತು ಎನ್ನುತ್ತಾರೆ. ಈ ಆಕ್ಷೇಪ ನಮ್ಮ ಸಿದ್ಧಾಂತವನ್ನೇ ಬಲಪಡಿಸುತ್ತದೆ. ಆ ಶ್ರೋತೃವಿನ ಕಿವಿಗೆ ಮರದ ಗಿಟಾರು ವಿನಯ, ನುಣುಪು ಸಂಯೋಜನೆ ಪ್ರಪಂಚದ ಮೋಹ. ಮೊದಲ ಆಲ್ಬಮ್ಮಿನಲ್ಲೂ ಯಂತ್ರದ ತಾಳ ಧಾರಾಳವಾಗಿತ್ತೆಂಬುದನ್ನು ಅವನು ನೆನಪಿಟ್ಟುಕೊಂಡಿಲ್ಲ. ಪವಿತ್ರವಾದದ್ದರಲ್ಲಿ ಯಂತ್ರ ಕೇಳಿಸದು.

ಎರಡನೆಯ ಆಕ್ಷೇಪ ತುಸು ಗಟ್ಟಿ. ಎರಡನೆಯ ಕೃತಿ ಸೊರಗುವುದು ಲೌಕಿಕ ತಂಡಗಳಿಗೂ ಉಂಟು. ಮೊದಲನೆಯದಕ್ಕೆ ಇಡೀ ಯೌವನದ ಬಂಡವಾಳ, ಎರಡನೆಯದಕ್ಕೆ ಊರೂರು ಸುತ್ತುವ ಕಛೇರಿಗಳ ನಡುವೆ ಎರಡು ವರ್ಷ. ನಿಜ. ಆದರೆ ಲೌಕಿಕ ಶ್ರೋತೃ ‘ದುಡ್ಡು ಬಂತು, ಕೆಟ್ಟರು’ ಎಂದು ಎದ್ದುಹೋಗುತ್ತಾನೆ. ಕ್ರೈಸ್ತ ಶ್ರೋತೃವಿಗೆ ಆ ಸೌಲಭ್ಯವಿಲ್ಲ. ಗಾಯಕನ ಆತ್ಮದ ಗತಿಯನ್ನೂ ಅವನೇ ವಿಚಾರಿಸಿಕೊಳ್ಳಬೇಕು. ‘ಮಚ್ ಅಫ್ರೇಡ್’ ಬಂದ ಒಂದೂವರೆ ತಿಂಗಳಿಗೆ, 1997ರ ಅಕ್ಟೋಬರ್ 31ರಂದು, ಗಾಯಕ ಸ್ಟೀವ್ ಕ್ಯಾಂಪ್ ಲೂಥರನ ಮಾದರಿಯಲ್ಲಿ ಕ್ರೈಸ್ತ ಸಂಗೀತೋದ್ಯಮದ ವಿರುದ್ಧ 107 ವಾದಸೂತ್ರಗಳನ್ನು ಪ್ರಕಟಿಸಿದರು. ಗುರಿ ಇಡೀ ಉದ್ಯಮ, ಈ ಆಲ್ಬಮ್ ಒಂದೇ ಅಲ್ಲ. ಆದರೂ 1517ರಲ್ಲಿ ರೋಮ್ ಸಭೆಯನ್ನು ಪ್ರಶ್ನಿಸಲು 95 ಸಾಕಾಗಿದ್ದವು. ಗಿಟಾರು ಹಿಡಿದವರಿಗೆ ಹನ್ನೆರಡು ಹೆಚ್ಚು ಬೇಕಾದವು.

ಆಲ್ಬಮ್ ಗ್ರ್ಯಾಮಿ ಗೆದ್ದಿತು, ಲಕ್ಷಗಟ್ಟಲೆ ಮಾರಾಟವಾಯಿತು, ಅಂದಮೇಲೆ ಜನಕ್ಕೆ ಹಿಡಿಸಿತಲ್ಲವೇ ಎಂಬ ಮೂರನೆಯ ಆಕ್ಷೇಪ ಬಾಲಿಶ. 1997ರಲ್ಲಿ ಇಡೀ ಆಲ್ಬಮ್ಮಿನಿಂದ ನಿರಾಶರಾಗಬೇಕಿದ್ದರೂ ಸಿ.ಡಿ. ಕೊಳ್ಳಲೇಬೇಕಿತ್ತು. ಮಾರಾಟದ ಅಂಕಿಯಲ್ಲಿ ಮೆಚ್ಚಿದವರಷ್ಟೇ ಮುನಿದವರೂ ಇದ್ದಾರೆ.

ಪೋಷಕ ಸಾಕ್ಷ್ಯವಾಗಿ ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ತಂಡವನ್ನು ನೋಡಬಹುದು: ಹಳದಿ-ಕಪ್ಪು ಪಟ್ಟೆಯ ಉಡುಪು, ವೇದಿಕೆಯಿಂದ ಜನರತ್ತ ಹೊಸ ಒಡಂಬಡಿಕೆಯ ಪ್ರತಿಗಳ ಎಸೆತ. ತಂಡದ ಸ್ವೀಟ್ ಸಹೋದರರನ್ನು ವಿಶ್ವಾಸಕ್ಕೆ ತಂದದ್ದು ಜಿಮ್ಮಿ ಸ್ವ್ಯಾಗರ್ಟ್‌ರ ಟಿ.ವಿ. ಪ್ರವಚನ; ಮುಂದೆ ಕ್ರೈಸ್ತ ರಾಕನ್ನು ಕಟುವಾಗಿ ಖಂಡಿಸಿದವರೂ ಅದೇ ಸ್ವ್ಯಾಗರ್ಟ್. 1986ರ ‘ಟು ಹೆಲ್ ವಿತ್ ದ ಡೆವಿಲ್’ ಅವರ ಎರಡನೆಯ ಪೂರ್ಣ ಆಲ್ಬಮ್. 1984ರ ಕಿರು ಆಲ್ಬಮ್ಮನ್ನೂ ಲೆಕ್ಕಕ್ಕೆ ಹಿಡಿದರೆ ಅದು ಮೂರನೆಯದು, 1985ರದು ಎರಡನೆಯದು. ಯಾವುದು ಎರಡನೆಯದೆಂದು ತೀರ್ಮಾನವಾಗದೆ ಯಾವುದು ಪವಿತ್ರವೆಂದು ತೀರ್ಮಾನವಾಗದು. ಸ್ಟ್ರೈಪರ್ ಅಭಿಮಾನಿಗಳ ವಾದ ಮುಗಿಯದಿರುವುದಕ್ಕೆ ಇದೇ ಕಾರಣವಿರಬೇಕು.

ಜಾರ್ಸ್ ಆಫ್ ಕ್ಲೇ ಪ್ರಕರಣದಲ್ಲಿ, ಪೂರ್ಣ ಆಲ್ಬಮ್ಮುಗಳನ್ನಷ್ಟೇ ಎಣಿಸಿದರೆ, ಅಂಥ ತೊಡಕಿಲ್ಲ. ಅವರ ಮೂರನೆಯ ಆಲ್ಬಮ್ ‘ಇಫ್ ಐ ಲೆಫ್ಟ್ ದ ಝೂ’ 1999ರಲ್ಲಿ ಬಂತು. ‘ಮಚ್ ಅಫ್ರೇಡ್’ ಬಗ್ಗೆ ಇನ್ನೂ ಮುನಿಸಿಕೊಂಡಿರುವ ಓದುಗರು ಮೊದಲು ಈ ಮೂರನೆಯದನ್ನು ಪೂರ್ತಿ ಕೇಳಬೇಕು. ಆಮೇಲೆ ಎರಡನೆಯದಕ್ಕೆ ಮರಳಿದರೆ ಅದು ಎಷ್ಟು ಶುದ್ಧವಾಗಿತ್ತೆಂದು ಅವರಿಗೇ ತಿಳಿಯುತ್ತದೆ.