ಚಿತ್ರಲೇಖೆಯ ಕೈಗೊಂದು ಫೋನು

"ಅಲ್ಲ ತಂಗಿ, ಆ ಹುಡುಗಿ 1905ನೇ ಇಸವ್ಯಾಗ ಇದ್ದಾಕಿ. ಈಗಿನ ಕಾಲಕ್ಕ ಹೆಂಗ ಬಂದ್ಲು? ಬಂದಾಕಿಗೆ ಊಟ, ಅರಿವಿ ಯಾರು ಕೊಟ್ರು?"

ಬೇಲಿಯಾಚೆಯಿಂದ ಪಕ್ಕದ ಮನೆ ಅಕ್ಕಾರ ಪ್ರಶ್ನೆ. ಅವರ ಮೊಮ್ಮಗಳು ಒಂಬತ್ತನೇ ಕ್ಲಾಸು. ಶಾಲೆಯಿಂದ ಬಂದು ಚೀಲ ಇಟ್ಟಳೆಂದರೆ ಫೋನಿನಲ್ಲಿ 'ಫೈಂಡ್ ಮಿ ಇನ್ ಪ್ಯಾರಿಸ್' ಧಾರಾವಾಹಿ. ಅಕ್ಕಾರು ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಒಂದು ಕಣ್ಣು ಅತ್ತಲೇ ಇಟ್ಟಿರುತ್ತಾರೆ. ಧಾರಾವಾಹಿಯ ಭಾಷೆ ಅಜ್ಜಿಗೆ ಬಾರದು, ಮೊಮ್ಮಗಳಿಗೆ ಅರ್ಧಂಬರ್ಧ. ಆದರೂ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಅನ್ನುವುದು ಇಬ್ಬರಿಗೂ ಬಾಯಿಪಾಠ.

ನಾನೂ ಅದನ್ನು ನೋಡಿದ್ದೆನಾದ್ದರಿಂದ ಹೇಳಿದೆ. ಲೇನಾ ಅಂತ ರಷ್ಯಾದ ರಾಜಕುಮಾರಿ, ಪ್ಯಾರಿಸ್ಸಿನಲ್ಲಿ ಬ್ಯಾಲೆ ಕಲಿಯಲು ಬಂದವಳು. ಕಾಲವನ್ನೇ ದಾಟಿಸುವ ಒಂದು ಕೊರಳಸರ ಅವಳನ್ನು 1905ರಿಂದ ಎತ್ತಿ ಇವತ್ತಿನ ಪ್ಯಾರಿಸ್ಸಿಗೆ ಎಸೆಯುತ್ತದೆ. ಪ್ರೀತಿಯ ಹುಡುಗ ನೂರು ವರ್ಷದ ಆಚೆ ಉಳಿದ. ಇಲ್ಲಿ ಹೊಸ ಗೆಳೆಯರು, ಹೊಸ ಕುಣಿತ, ಬ್ಯಾಲೆ ಶಾಲೆಯ ಒಳಗೆ ಒಂದು ಶಿಸ್ತು, ಹೊರಗೆ ಬೀದಿಯಲ್ಲಿ ಹಿಪ್ ಹಾಪ್. 2018ರಿಂದ 2020ರವರೆಗೆ ಮೂರು ಸೀಸನ್ ಬಂತು. ಹದಿಹರೆಯದವರಿಗೆಂದೇ ಮಾಡಿದ್ದು.

"ಅಂದ್ರ ದೊಡ್ಡೋರ ಕಥಿನೂ ಅಲ್ಲ, ಕೂಸುಗಳ ಕಥಿನೂ ಅಲ್ಲ" ಅಂದರು ಅಕ್ಕಾರು. "ಇಂಥಾದ್ದು ನಮ್ಮ ಕನ್ನಡದಾಗ ಯಾಕಿಲ್ಲ?"

ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಅಕ್ಕಾರು ಬೇಲಿ ಹಿಡಿದು ನಿಂತರು, ನಾನು ಬಕೆಟ್ಟು ಕೆಳಗಿಟ್ಟೆ.

ನಮ್ಮೂರು ಕೊಟ್ಟೂರಿನ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಚಿಕ್ಕ ಮಕ್ಕಳಿಗೆ ಚಿಂಟು ಟಿವಿ ಇದೆ. 2009ರಲ್ಲಿ ಶುರುವಾದದ್ದು, ಕಾರ್ಟೂನುಗಳನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸುತ್ತಾರೆ. ದೊಡ್ಡವರಿಗೆ ಸಂಜೆಯಿಂದ ರಾತ್ರಿಯವರೆಗೆ ಅತ್ತೆ ಸೊಸೆ. ನಡುವೆ ಹನ್ನೆರಡರಿಂದ ಹದಿನೇಳರ ತನಕದ ಮಕ್ಕಳಿಗೆ ಏನಿದೆ? ಡಾನ್ಸ್ ಶೋಗಳಿವೆ. ಆ ಮಕ್ಕಳು ಕುಣಿಯುವುದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ, ಅಂಥ ಪ್ರತಿಭೆ. ಆದರೆ ಅವರ ಬಾಯಿಗೆ, ಮೈಗೆ ಕೊಡುವುದು ದೊಡ್ಡವರ ಸಿನಿಮಾ ಹಾಡು, ದೊಡ್ಡವರ ಅಲಂಕಾರ. ಆ ಹುಡುಗಿಗೆ ಗೆಳತಿ ಯಾರು, ಯಾರ ಜೊತೆ ಠೂ ಬಿಟ್ಟಿದ್ದಾಳೆ, ವೇದಿಕೆ ಇಳಿದ ಮೇಲೆ ಯಾವ ಊರ ಬಸ್ಸು ಹತ್ತುತ್ತಾಳೆ, ಅದೊಂದೂ ನಮಗೆ ಗೊತ್ತಾಗುವುದಿಲ್ಲ. ತೀರ್ಪುಗಾರರು ಅಂಕ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು.

ಹಿಂದಿಯಲ್ಲಿ ಈ ಕೆಲಸ ಆಗಿದೆ. 'ಶಕಲಕ ಬೂಮ್ ಬೂಮ್' ಅಂತ ಬರುತ್ತಿತ್ತು, ಬರೆದದ್ದೆಲ್ಲ ನಿಜವಾಗುವ ಪೆನ್ಸಿಲ್ಲು. 2011ರಲ್ಲಿ ಚಾನೆಲ್ ವಿ ಅವರ 'ದಿಲ್ ದೋಸ್ತಿ ಡಾನ್ಸ್' ಶುರುವಾಯಿತು. ಕಾಲೇಜು ಹುಡುಗ ಹುಡುಗಿಯರ ಡಾನ್ಸ್ ಗುಂಪು, ಸ್ನೇಹ, ಜಗಳ. ಎಷ್ಟೋ ವರ್ಷ ಓಡಿತು. ಕನ್ನಡದ ನೆಲದಲ್ಲೇ ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಮರೆತವರಿಲ್ಲ. ಸ್ವಾಮಿಯ ಕಥೆಯ ಕೊನೆ ನೆನಪಿದೆಯಾ ಅಂತ ಅಕ್ಕಾರನ್ನು ಕೇಳಿದೆ. ಸ್ವಾಮಿಯ ಗೆಳೆಯ ರಾಜಂನ ಅಪ್ಪನಿಗೆ ವರ್ಗವಾಗುತ್ತದೆ. ರಾಜಂ ರೈಲಿನಲ್ಲಿ ಕೂತಿದ್ದಾನೆ, ಮುನಿಸು ಇನ್ನೂ ಹೋಗಿಲ್ಲ. ಸ್ವಾಮಿ ಹಿಡಿದು ತಂದ ಪುಸ್ತಕ ರೈಲು ಹೊರಡುವ ಗಳಿಗೆಯಲ್ಲಿ ಅವನ ಕೈ ಸೇರುತ್ತದೆ. ಆರ್.ಕೆ. ನಾರಾಯಣ್ ಕಥೆಯನ್ನು ಅಲ್ಲಿಗೇ ಬಿಟ್ಟರು. ಆ ಮಕ್ಕಳು ಆಮೇಲೆ ಹೇಗೆ ಸ್ನೇಹ ಉಳಿಸಿಕೊಂಡರು ಅನ್ನುವುದೇ ಇನ್ನೊಂದು ದೊಡ್ಡ ಕಥೆ. ಅದನ್ನು ನಾವು ಬರೆಯಲಿಲ್ಲ.

ನಮ್ಮ ಕಡೆ ರಾಜಂಗಳು ರೈಲು ಹತ್ತುವುದು ಕಡಿಮೆ, ಗುಳೆ ಬಸ್ಸು ಹತ್ತುತ್ತಾರೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಲಂಬಾಣಿ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಹೊರಟರೆ ಮಂಡ್ಯದ ಕಬ್ಬಿನ ಗದ್ದೆ, ಮಲೆನಾಡಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡದ ಕೆಲಸ. ಅಪ್ಪ ಅಮ್ಮನ ಹಿಂದೆ ಹುಡುಗಿಯೂ ಹೋಗುತ್ತಾಳೆ. ಬೆಂಚಿನಲ್ಲಿ ಅವಳ ಜಾಗ ಖಾಲಿ. ಹೋದವಳ ನಷ್ಟವನ್ನು ಎಲ್ಲರೂ ಮಾತಾಡುತ್ತಾರೆ, ಅದು ಮಾತಾಡಲೇಬೇಕಾದ ನಷ್ಟ. ಆದರೆ ಉಳಿದವಳಿಗೂ ಒಂದು ನಷ್ಟವಿದೆ, ಅದನ್ನು ಯಾರೂ ಕೇಳುವುದಿಲ್ಲ.

ಅಕ್ಕಾರ ಮೊಮ್ಮಗಳಿಗೆ ಆದದ್ದೂ ಅದೇ. ಅವಳದು ಕೋಲಾಟ. ಪ್ರತಿಭಾ ಕಾರಂಜಿಗೆಂದು ಮೇಷ್ಟ್ರು ಕಲಿಸಿದ್ದು, ಜೋಡಿ ಜೋಡಿಯಾಗಿ ನಿಲ್ಲುವ ಆಟ. ಅವಳ ಜೋಡಿ ಈಗ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಾಳೆ. ರಾತ್ರಿ ಅವಳ ಅಪ್ಪ ಊಟಕ್ಕೆ ಕೂತಾಗ ಫೋನು ಸಿಗುತ್ತದೆ. ಆಗ ಶುರು ಇವರ ತಾಲೀಮು. ಇವಳು ನಮ್ಮ ಬೇಲಿಯ ಆಚೆ ಅಂಗಳದಲ್ಲಿ, ಫೋನನ್ನು ಕೊಡಕ್ಕೆ ಒರಗಿಸಿ ಇಟ್ಟು. ಅವಳು ಅಲ್ಲಿ ಇಟ್ಟಿಗೆ ರಾಶಿಯ ಮುಂದೆ, ಕೋಲಿಲ್ಲದೆ ಎರಡು ಪೈಪಿನ ತುಂಡು ಹಿಡಿದು.

ನಾನು ನಿಂತು ನೋಡಿದ್ದೇನೆ. ಮೊದಲ ನಾಲ್ಕು ಹೆಜ್ಜೆ ಸರಿ. ಆಮೇಲೆ ಇವಳು ಕೋಲು ಮುಂದೆ ಚಾಚಿದರೆ ಅವಳದು ಇನ್ನೂ ಮೇಲಿರುತ್ತದೆ. ಟಕ್ ಅನ್ನುವ ಸದ್ದು ಬರುವಷ್ಟರಲ್ಲಿ ಇವಳು ಅರ್ಧ ತಿರುಗಿ ಆಗಿದೆ. "ಲೇ, ತಡಾ ಮಾಡ್ತೀಯಲೇ" ಅಂತ ಇವಳು. "ನೀನೇ ತಡಾ ಮಾಡೋದು" ಅಂತ ಅವಳು. ಇಬ್ಬರದೂ ನಿಜ. ಫೋನು ನಮ್ಮ ಸದ್ದನ್ನು ಚೂರು ಚೂರು ಮಾಡಿ ಕಳಿಸುತ್ತದೆ. ಚೂರುಗಳು ಹಿಂದು ಮುಂದಾಗಿ ಬರುತ್ತವೆ. ಎಲ್ಲ ಸೇರಲಿ ಅಂತ ಆಚೆ ಕಡೆಯ ಫೋನು ಒಂಚೂರು ಕಾಯುತ್ತದೆ. ಟವರು ದೂರವಿದ್ದರೆ ಇನ್ನೊಂಚೂರು. ಎಲ್ಲ ಕೂಡಿ ಕಾಲು ಸೆಕೆಂಡು ಅಂದುಕೊಳ್ಳಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಕಾಲು ಸೆಕೆಂಡಿಗೆ 85 ಮೀಟರ್. ಕೆರೆಯ ಆ ದಡದಲ್ಲಿ ಬಟ್ಟೆ ಒಗೆಯುವವಳ ಕೈ ಮೇಲೆ ಹೋದಮೇಲೆ ನಮಗೆ ಒಗೆದ ಸದ್ದು ಕೇಳುತ್ತದಲ್ಲ, ಹಾಗೆ. ಮಾತಿಗೆ ಅದು ತೊಂದರೆಯಲ್ಲ. ತಾಳಕ್ಕೆ ಆಗುವುದೇ ಇಲ್ಲ. ಸಂಗೀತಗಾರರು ದೂರದಿಂದ ಜೊತೆಗೂಡಿ ನುಡಿಸಬೇಕಾದರೆ ತಡ 25, 30 ಮಿಲಿಸೆಕೆಂಡಿನ ಒಳಗಿರಬೇಕು ಅನ್ನುತ್ತಾರೆ, ಕಾಲು ಸೆಕೆಂಡಿನ ಹತ್ತನೇ ಒಂದು ಪಾಲು.

ಈ ಹುಡುಗಿಯರು ಏನು ಮಾಡಿದರು ಗೊತ್ತಾ? ಒಬ್ಬಳು ತನ್ನ ಕಡೆಯ ಕುಣಿತವನ್ನು ವಿಡಿಯೊ ಮಾಡಿ ಕಳಿಸುವುದು. ಇನ್ನೊಬ್ಬಳು ಅದನ್ನು ಎದುರಿಗಿಟ್ಟುಕೊಂಡು ತನ್ನ ಪಾಲು ಕುಣಿಯುವುದು. ಟಿಕ್‌ಟಾಕ್‌ನಲ್ಲಿ ಡ್ಯುಯೆಟ್ ಅಂತ ಇದೇ ಇತ್ತು. 2020ರ ಜೂನ್‌ನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, ಉಪಾಯ ಮಾತ್ರ ಮಕ್ಕಳ ಕೈಯಲ್ಲಿ ಉಳಿಯಿತು. ಈಗ ಕೋಲು ಕೋಲು ಕೂಡುತ್ತವೆ. ಆದರೂ ಮೊಮ್ಮಗಳಿಗೆ ಸಮಾಧಾನವಿಲ್ಲ. "ಆಕಿ ನಿನ್ನೆ ಕುಣದದ್ದು, ನಾನು ಇವತ್ತು ಕುಣಿಯಾಕತ್ತೀನಿ. ಜೊತಿಗೆ ಕುಣದಂಗ ಎಲ್ಲಾತು?" ಅನ್ನುತ್ತಾಳೆ.

ನನ್ನನ್ನು ಕೇಳಿದರೆ ನಮ್ಮ ಕನ್ನಡದ ಧಾರಾವಾಹಿಗೆ ಬೇಕಾದ ಮಾಯದ ಯಂತ್ರ ಇಲ್ಲೇ ಇದೆ. ನೂರು ವರ್ಷ ದಾಟಿಸುವ ಕೊರಳಸರ ಬೇಡ. ಆ ಕಾಲು ಸೆಕೆಂಡನ್ನು ಅಳಿಸುವ ಒಂದು ಸಣ್ಣ ಸಾಮಾನು ಸಾಕು. ಕೊಟ್ಟೂರಿನ ಅಂಗಳದ ಕೋಲು ಬೆಂಗಳೂರಿನ ಶೆಡ್ಡಿನ ಕೋಲಿಗೆ ನಿಜವಾಗಿ ತಗುಲಬೇಕು. ಆ ಟಕ್ ಕೇಳಿಸಿದ ದಿನ ನೋಡುವ ಪ್ರತಿ ಹುಡುಗಿಯ ಎದೆ ಹಾರುತ್ತದೆ.

"ಮಾಯದ ಕಥಿ ನಮಗ್ಯಾಕ ಹೊಸದು?" ಅಂದರು ಅಕ್ಕಾರು. "ಬಾಣಾಸುರನ ಆಟದಾಗ ಆ ಗೆಳತಿ ಇಲ್ಲೇನು, ಮಂಚದ ಸಮೇತ ಹುಡುಗನ್ನ ಎತ್ಕೊಂಡು ಬರಾಕಿ?"

ಹೌದಲ್ಲ! ಚಿತ್ರಲೇಖೆ. ಬಯಲಾಟದವರಿಗೂ ಯಕ್ಷಗಾನದವರಿಗೂ ಬೇಕಾದ ಕಥೆ. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬನನ್ನು ಕಂಡಳು, ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮಂತ್ರಿಯ ಮಗಳು ಚಿತ್ರಲೇಖೆ ಕೂತು ಒಬ್ಬೊಬ್ಬರದೇ ಚಿತ್ರ ಬರೆದಳು. ದೇವತೆಗಳು, ಗಂಧರ್ವರು, ಕೊನೆಗೆ ಯಾದವರು. ಅನಿರುದ್ಧನ ಮುಖ ಮೂಡಿದ ಕೂಡಲೇ ಉಷೆ ತಲೆ ತಗ್ಗಿಸಿದಳು. ಆ ರಾತ್ರಿಯೇ ಚಿತ್ರಲೇಖೆ ಆಕಾಶ ಮಾರ್ಗದಲ್ಲಿ ದ್ವಾರಕೆಗೆ ಹೋಗಿ ಮಲಗಿದ್ದವನನ್ನು ಶೋಣಿತಪುರಕ್ಕೆ ತಂದಳು. ಮುಖ ನೋಡಿ ಗುರುತು ಹಿಡಿಯುವುದು, ದೂರದವರನ್ನು ಕ್ಷಣದಲ್ಲಿ ಎದುರಿಗೆ ತರುವುದು, ಎಲ್ಲ ಅಲ್ಲಿದೆ. ಕುಣಿತವೂ ಇದೆ. ಶಿವ ತಾಂಡವ ಆಡುವಾಗ ಸಾವಿರ ಕೈಯಿಂದ ವಾದ್ಯ ನುಡಿಸಿ ಮೆಚ್ಚಿಸಿದವನು ಇದೇ ಬಾಣಾಸುರ. ನಂದಿಕೇಶ್ವರನ 'ಅಭಿನಯ ದರ್ಪಣ' ಹೇಳುವ ಪ್ರಕಾರ ಪಾರ್ವತಿಯಿಂದ ಲಾಸ್ಯ ಕಲಿತವಳು ಉಷೆ. ಅವಳು ಅದನ್ನು ದ್ವಾರಕೆಯ ಗೋಪಿಯರಿಗೆ ಕಲಿಸಿದಳು, ಅವರು ಸೌರಾಷ್ಟ್ರದ ಹೆಂಗಸರಿಗೆ. ಸ್ನೇಹ, ಕುಣಿತ, ಮಾಯೆ ಮೂರೂ ಒಂದೇ ಕಥೆಯಲ್ಲಿ! ನಾವು ಅದನ್ನು ಮದುವೆಯ ಕಥೆ, ಯುದ್ಧದ ಕಥೆ ಅಂತಲೇ ಆಡಿಕೊಂಡು ಬಂದೆವು. ಗೆಳತಿಯ ಕಥೆಯಾಗಿ ಹೇಳಿದರೆ ಇವತ್ತಿನ ಹದಿಮೂರರ ಹುಡುಗಿಗೆ ಎಷ್ಟು ಹತ್ತಿರವಾದೀತು.

ಇಂಥ ಧಾರಾವಾಹಿ ಬರೆಯುವವರು ಯಾರಾದರೂ ಬಂದರೆ ಎಲ್ಲಿಗೆ ಕರೆದೊಯ್ಯಬೇಕು ಅಂತ ನಾವಿಬ್ಬರೂ ಅಲ್ಲೇ ನಿಂತು ಲೆಕ್ಕ ಹಾಕಿದೆವು. ಮೊದಲು ತಾಂಡಾಗೆ, ಅವರ ದವಾಳಿಯ, ಅಂದರೆ ದೀಪಾವಳಿಯ ಹೊತ್ತಿಗೆ. ಗುಳೆ ಹೋದವರು ಆ ಹಬ್ಬಕ್ಕೆ ಹೇಗಾದರೂ ಮಾಡಿ ಬರುತ್ತಾರೆ. ಮದುವೆಯಾಗದ ಹುಡುಗಿಯರು ಕನ್ನಡಿ ಹೊಲಿದ ಪೇಟಿಯಾ ಲಂಗ ತೊಟ್ಟು, ಕಾಡಿನಿಂದ ಹೂ ತಂದು, ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಅನ್ನುವ ಹಾಡು ಹಾಡಿ ಹಿರಿಯರಿಗೆ ಒಳ್ಳೆಯದು ಕೋರುತ್ತಾರೆ. ಸುತ್ತ ನಿಂತು ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ತಿಂಗಳುಗಟ್ಟಲೆ ಬೇರೆ ಬೇರೆ ಊರಲ್ಲಿದ್ದವರು ಹೆಜ್ಜೆ ತಪ್ಪದೆ ಒಂದೇ ಸುತ್ತಿಗೆ ಸೇರಿಬಿಡುತ್ತಾರಲ್ಲ, ಅದನ್ನು ತೋರಿಸಿದರೆ ಸಾಕು, ಮಾತೇ ಬೇಡ.

ಹಡಗಲಿಗೆ ಹೋಗಲೇಬೇಕು. ಎಂ.ಪಿ. ಪ್ರಕಾಶ್ ಅವರು ಮಂತ್ರಿಗಿರಿಯ ನಡುವೆಯೂ ಬಿಡದೆ ಬೆಳೆಸಿದ ರಂಗಭಾರತಿ ಅಲ್ಲಿದೆ. ನಾಟಕದ ಗಾಳಿ ಆ ಊರಿಗೆ ಮಲ್ಲಿಗೆಯಷ್ಟೇ ಸಹಜ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ, ಮಂಜಮ್ಮ ಜೋಗತಿಯವರ ಊರು. ದಾವಣಗೆರೆ ಬಸ್ ನಿಲ್ದಾಣದಲ್ಲಿ ಒಬ್ಬ ಅಪ್ಪ ಹಾಡುತ್ತಾ ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡು, ಅವರಿಂದಲೇ ಜೋಗತಿ ನೃತ್ಯ ಕಲಿಯಲು ತೊಡಗಿದವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತಗೊಂಡರು. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಕಣ್ಣು ಒರೆಸಿಕೊಂಡೆವು. ಮನೆಯಿಂದ ದೂರವಾದ ಮಗುವಿಗೆ ಕುಣಿತ ಹೇಗೆ ಮನೆಯಾಗುತ್ತದೆ ಅಂತ ಗೊತ್ತಾಗಬೇಕಾದರೆ ಅವರ ಬದುಕನ್ನು ಓದಬೇಕು.

ದುಡ್ಡು ಬೇಕಲ್ಲ ಅನ್ನುತ್ತಾರೆ. ಬೇಕು, ನಿಜ. ಆದರೆ 2018ರಲ್ಲಿ ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಸಿನಿಮಾಕ್ಕೆ ಜನ ಮಕ್ಕಳನ್ನು ಕಟ್ಟಿಕೊಂಡು ಥಿಯೇಟರಿಗೆ ಹೋದರು. ಆಮೇಲೆ ರಾಷ್ಟ್ರಪ್ರಶಸ್ತಿಯೂ ಬಂತು. ಗಡಿಯ ಒಂದು ಶಾಲೆಯ ಕಥೆಗೆ ಅಷ್ಟು ಜನ ಬಂದರೆ, ಬಯಲುಸೀಮೆಯ ಒಂದು ಕೋಲಾಟದ ಜೋಡಿಗೆ ಬರುವುದಿಲ್ಲವೇ? ನನಗೆ ನಂಬಿಕೆಯಿದೆ.

ಕಥೆಯ ಕೊನೆ ಹೇಗಿರಬೇಕು ಅನ್ನುವಲ್ಲಿ ಮಾತ್ರ ನಮಗೆ ಹೊಂದಲಿಲ್ಲ. ಯಂತ್ರ ಕೆಟ್ಟುಹೋಗಬೇಕು, ಹುಡುಗಿಯರು ಯಂತ್ರವಿಲ್ಲದೆ ಕಾಯುವುದನ್ನು ಕಲಿಯಬೇಕು, ಕೊಟ್ಟೂರೇಶ್ವರನ ತೇರಿಗೆ ಗೆಳತಿ ಬರುತ್ತಾಳೋ ಇಲ್ಲವೋ ಅಂತ ನೋಡುವವರಿಗೇ ಬಿಡಬೇಕು ಅಂದೆ ನಾನು.

"ಹಂಗ ಬಿಟ್ರ ನಾ ನೋಡೋದಿಲ್ಲ" ಅಂದರು ಅಕ್ಕಾರು, ಖಡಾಖಂಡಿತವಾಗಿ. "ಆಕಿ ಬರ್ಲೇಬೇಕು. ಬರೇ ತೇರಿಗೆ ಬಂದು ಹೋಗೋದಲ್ಲ, ಆಕಿ ಅಪ್ಪಗ ಇಲ್ಲೇ ಕೆಲಸ ಸಿಗಬೇಕು, ಆಕಿ ವಾಪಸ್ ಸಾಲಿಗೆ ಸೇರಬೇಕು. ಅದನ್ನ ಬರೀ ಮೊದ್ಲು."