ಡಾಕ್ಟರ್ ಸಾಹೇಬರೇ, ಸರ್ವಿಸ್ ಬುಕ್ ಎಲ್ಲಿಟ್ಟಿದ್ದೀರಿ?

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳ ಸಮಸ್ತ ಸೆಕೆಂಡ್ ಹ್ಯಾಂಡ್ ಕಾರುಗಳ ಮೊದಲ ಮಾಲೀಕರಾದ ಶ್ರೀಮಾನ್ ಡಾಕ್ಟರ್ ಸಾಹೇಬರ ಸನ್ನಿಧಿಗೆ,

ಹ್ಯಾಂಡ್‌ಪೋಸ್ಟಿನಲ್ಲಿ ಗಾಡಿ ಮಾರಾಟದ ಫಾರಂ ತುಂಬಿ ಹೊಟ್ಟೆ ಹೊರೆಯುವವನ ನಮಸ್ಕಾರಗಳು. ಇತ್ತ ಕ್ಷೇಮ. ಅತ್ತಲಿನ ಕ್ಷೇಮ ವಿಚಾರಿಸೋಣವೆಂದರೆ ನಿಮ್ಮ ವಿಳಾಸ ಈ ನಾಲ್ಕೂ ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ. ಪೋಸ್ಟ್‌ಮ್ಯಾನ್ ಕೈಚೆಲ್ಲಿದ ಮೇಲೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಿಮ್ಮನ್ನು ಕಣ್ಣಾರೆ ಕಂಡವರಿಲ್ಲ, ನಿಮ್ಮ ಕಾರು ಕಾಣದವರಿಲ್ಲ. ಬಿಳಿ ಸ್ವಿಫ್ಟ್ ನಿಮ್ಮದು, ಬೆಳ್ಳಿ ಬಣ್ಣದ ಆಲ್ಟೋ ನಿಮ್ಮದು, ಹಿಂದಿನ ಗಾಜಿನ ಮೇಲೆ ಹುಲಿ ಅಂಟಿಸಿಕೊಂಡ ಬೊಲೆರೋ ಕೂಡ ನಿಮ್ಮದೇ. ದಲ್ಲಾಳಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಪ್ರಮಾಣ ಮಾಡುವವನಂತೆ ಹೇಳುತ್ತಾನೆ: “ಡಾಕ್ಟ್ರು ಮಡಗಿದ್ದ ಗಾಡಿ ಕಣಣ್ಣೋ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ. ಮಳೇಲಿ ಆಚೆಗೇ ತೆಗ್ದಿಲ್ಲ.” ನಿಮ್ಮ ಹೆಸರು ಬಳಸಿ ಸಾಕಾದ ದಿನ ನಿಮ್ಮ ಶ್ರೀಮತಿಯವರನ್ನು ಕರೆತರುತ್ತಾರೆ: “ಮೇಡಮ್ಮು ಓಡ್ಸಿದ್ದು, ಥರ್ಡ್ ಗೇರ್ ದಾಟಿಲ್ಲ.” ಮೂರನೇ ಗೇರು ದಾಟದೆ ಹತ್ತು ವರ್ಷ ಓಡಿಸಿದರೆ ಎಂಜಿನ್ ಏನಾಗುತ್ತದೆಂದು ಅವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಆದರೆ “ಸರ್ವಿಸ್ ಬುಕ್ ಕೊಡಿ” ಎಂದರೆ ಸಾಕು, ಬಾನೆಟ್ಟಿನ ಮೇಲಿನ ಅಂಗೈ ಜೇಬಿಗೆ ಹೋಗುತ್ತದೆ. “ಅದೊಂದು ಡಾಕ್ಟ್ರ ಮನೇಲೇ ಉಳ್ಕಂಬುಡ್ತು ಕಣಣ್ಣಾ.”

ಸ್ವಾಮಿ, ಅಷ್ಟೊಂದು ಪುಸ್ತಕಗಳನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡುತ್ತಿದ್ದೀರಿ? ನಿಮ್ಮ ವೃತ್ತಿಯವರ ಬಾಯಿಂದ ಮೊದಲು ಬರುವ ಪ್ರಶ್ನೆಯೇ “ಹಳೇ ಚೀಟಿ ತಂದಿದ್ದೀರಾ?” ಎಂದು. ಚೀಟಿ ತರದ ಮುದುಕಿಗೆ ಬೈದು, ಬಿಪಿ, ಶುಗರ್ ಮತ್ತೆ ಮೊದಲಿನಿಂದ ಬರೆಸಿ ಕಳಿಸುವವರು ನೀವು. ಅದೇ ಮುದುಕಿಯ ಮೊಮ್ಮಗ ಲಕ್ಷಗಟ್ಟಲೆ ಕೊಟ್ಟು ನಿಮ್ಮ ಕಾರು ಕೊಳ್ಳುವಾಗ ಮಾತ್ರ ಹಳೇ ಚೀಟಿ ಬೇಡವೆ?

ಈ ಸೀಮೆಯ ನಿಜವಾದ ಡಾಕ್ಟರುಗಳ ಸಂಗತಿ ನಮಗೆ ಗೊತ್ತು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ನಡೆಸಿತು. ಜೇನುಕುರುಬರ, ಕಾಡುಕುರುಬರ ಹಾಡಿಗಳ ತನಕ ವೈದ್ಯರು ಹೋದರು. ಹಾಡಿಯ ದಾರಿ ನೋಡಿದವರಿಗೆ ಗೊತ್ತು, ಅಲ್ಲಿ ಓಡಾಡಿದ ಗಾಡಿಯ ಶಾಕ್ ಅಬ್ಸಾರ್ಬರ್ ಯಾವ ಗತಿಗೆ ಬಂದಿರುತ್ತದೆಂದು. ಎಚ್.ಡಿ. ಕೋಟೆಯಲ್ಲಿ “ಡಾಕ್ಟ್ರ ಗಾಡಿ” ಎಂದರೆ ಕೊಳ್ಳುವವನು ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಮ್ಮವರು ಮುಂದೆ ಬಂದು ಅಡ್ವಾನ್ಸ್ ಕೊಡುತ್ತಾರೆ.

ಅಂತರಸಂತೆ ಕಡೆಯ ಹುಡುಗನೊಬ್ಬ ನಿಮ್ಮ ಒಂದು ಕಾರನ್ನು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಹನ್ನೆರಡು ವರ್ಷದ ಗಾಡಿ, ಮೀಟರಿನಲ್ಲಿ 38,000 ಕಿಲೋಮೀಟರ್. ಕೋಟೆಯಿಂದ ಮೈಸೂರಿಗೆ ಹೆಚ್ಚುಕಡಿಮೆ 50 ಕಿಲೋಮೀಟರ್ ಹಿಡಿಯಿರಿ. ವಾರಕ್ಕೊಮ್ಮೆ ಹೋಗಿಬಂದರೂ ವರ್ಷಕ್ಕೆ 5,200, ಹನ್ನೆರಡು ವರ್ಷಕ್ಕೆ 62,400. ಅಂದರೆ ತಾವು ಮೈಸೂರಿನ ಕಡೆ ತಲೆಹಾಕದೆ ಸಂಯಮದಿಂದ ಬದುಕಿದ್ದೀರಿ. ದಸರೆಗಿಲ್ಲ, ಮಕ್ಕಳ ಕಾಲೇಜಿಗಿಲ್ಲ, ಭಾವಮೈದುನನ ಮದುವೆಗೂ ಇಲ್ಲ. ಇಷ್ಟು ಕೂತಲ್ಲೇ ಕೂತವರ ಬ್ರೇಕ್ ಪೆಡಲ್ಲಿನ ರಬ್ಬರು ಮಾತ್ರ ಒಂದು ಗೆರೆಯೂ ಉಳಿಯದಂತೆ ಸವೆದಿತ್ತು. ಕ್ಲಿನಿಕ್ಕಿನಲ್ಲಿ ರೋಗಿ ಬಾರದ ಹೊತ್ತಿನಲ್ಲಿ ಹೋಗಿ ಸುಮ್ಮನೆ ತುಳಿಯುತ್ತಿದ್ದಿರೇನೋ.

ಹುಡುಗನಿಗೆ ಇನ್ನೊಂದು ತೋರಿಸಿದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ಒಂದು ಚಿಕ್ಕ ಚೀಟಿ ಹೊಲಿದಿರುತ್ತದೆ, ಅದರಲ್ಲಿ ತಯಾರಾದ ದಿನಾಂಕ. ಕಾರು ಹುಟ್ಟಿದ ನಾಲ್ಕು ವರ್ಷದ ಮೇಲೆ ಡ್ರೈವರ್ ಕಡೆಯ ಬೆಲ್ಟ್ ಹುಟ್ಟಿತ್ತು. ಸೀಟ್ ಬೆಲ್ಟನ್ನು ಯಾರೂ ಷೋಕಿಗೆ ಬದಲಿಸುವುದಿಲ್ಲ, ದೊಡ್ಡ ಹೊಡೆತ ಬಿದ್ದಾಗ ಬದಲಿಸುತ್ತಾರೆ. ಮುಂದಿನ ಗಾಜಿನ ಮೂಲೆಯ ಗುರುತೂ ಉಳಿದ ಗಾಜುಗಳಿಗೆ ಹೊಂದಲಿಲ್ಲ. ಟೈರಿನ ಪಕ್ಕದಲ್ಲಿ 3122 ಎಂದಿತ್ತು, 2022ರ 31ನೇ ವಾರದ ಮಾಲು. ಅದು ಸರಿ, ಟೈರು ಸವೆಯುತ್ತದೆ. 38,000 ಕಿಲೋಮೀಟರಿಗೆ ಅದು ಎಷ್ಟನೇ ಸೆಟ್ಟು ಎಂಬುದೇ ಪ್ರಶ್ನೆ.

ಇವೆಲ್ಲ ಪತ್ತೇದಾರಿ ಕೆಲಸ. ಪುಸ್ತಕವಿದ್ದರೆ ಇದರಲ್ಲಿ ಒಂದೂ ಬೇಕಿರಲಿಲ್ಲ. ಮಾರುತಿ ಕಾರಿಗೆ ಮೊದಲ ಉಚಿತ ಸರ್ವಿಸ್ 1,000 ಕಿಲೋಮೀಟರಿಗೆ, ಆಮೇಲೆ 5,000ಕ್ಕೆ, 10,000ಕ್ಕೆ. ಅಲ್ಲಿಂದ ಮುಂದೆ ಹತ್ತು ಸಾವಿರಕ್ಕೆ ಇಲ್ಲವೇ ವರ್ಷಕ್ಕೆ ಒಂದು. ಪ್ರತಿ ಸಲವೂ ದಿನಾಂಕ, ಮೀಟರಿನ ಅಂಕಿ, ಮೊಹರು. ನಾಲ್ಕನೇ ವರ್ಷ 71,000 ಎಂದು ಮೊಹರು ಬಿದ್ದ ಕಾರು ಹನ್ನೆರಡನೇ ವರ್ಷ 38,000 ತೋರಿಸಲಾರದು. ಡಿಜಿಟಲ್ ಮೀಟರಿನ ಅಂಕಿ ಒಂದು ಚಿಪ್ಪಿನೊಳಗಿನ ಮಾತು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಯಂತ್ರ ಚುಚ್ಚಿದರೆ ಟೀ ಕುಡಿಯುವಷ್ಟರಲ್ಲಿ ಹೇಳಿದ ಅಂಕಿಗೆ ಬಂದು ನಿಲ್ಲುತ್ತದೆ. ಹಳೆಯ ಬಿಲ್ಲಿನ ಮೇಲಿನ ಅಂಕಿಯನ್ನು ಹಾಗೆ ಇಳಿಸುವ ಯಂತ್ರ ಇನ್ನೂ ಹ್ಯಾಂಡ್‌ಪೋಸ್ಟಿಗೆ ಬಂದಿಲ್ಲ.

“ಪುಸ್ತಕ ಕಳೆದುಹೋಯ್ತು” ಎಂಬ ಮಾತೂ ಈಗ ನಡೆಯದು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದ ಕಾರಾದರೆ ಜಾಬ್ ಕಾರ್ಡುಗಳ ವಿವರ ಕಂಪ್ಯೂಟರಿನಲ್ಲಿರುತ್ತದೆ. ಆರ್‌ಸಿ ಹಿಡಿದು ಮಾಲೀಕರು ಹೋಗಿ ಕೇಳಿದರೆ ಪ್ರಿಂಟ್ ತೆಗೆಸಬಹುದು. ತೊಂದರೆ ಏನೆಂದರೆ ಮಾಲೀಕರು ನೀವು, ಮತ್ತು ನೀವು ಇಲ್ಲ.

ನಮ್ಮ ರೈತರು ಷೋರೂಮಿಗೆ ಹೋಗುವುದು ಕಡಿಮೆ, ಅದು ತಪ್ಪಲ್ಲ. ಹುಣಸೂರಿನ ಮರದಡಿಯ ಮೆಕ್ಯಾನಿಕ್ ಆಯಿಲ್ ಬದಲಿಸಿದರೂ ಎಂಜಿನ್ ಅದನ್ನು ಬೇಡ ಎನ್ನುವುದಿಲ್ಲ. ಆದರೆ ಬಿಲ್ಲು? ಹರಿದ ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಲೆಕ್ಕ, ಅದೂ ಗಾಳಿಗೆ ಹೋಯಿತು. ನಾನು ಕಂಡ ಅತ್ಯುತ್ತಮ ಸರ್ವಿಸ್ ರೆಕಾರ್ಡ್ ಪಿರಿಯಾಪಟ್ಟಣದ ಒಬ್ಬ ನಿವೃತ್ತ ಮೇಷ್ಟ್ರದು. ಹಾಲಿನ ಡೇರಿಯ ಹಳೆಯ ಪಾಸ್‌ಪುಸ್ತಕದ ಕವರಿನೊಳಗೆ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ಯಾಟರಿ ಎಲ್ಲದರ ಬಿಲ್ಲು. ಡ್ರೈನ್ ಪ್ಲಗ್ಗಿನ ವಾಷರ್ ಕೂಡ ಬೇರೆ ಸಾಲಿನಲ್ಲಿ ಬರೆಸಿದ್ದರು. ಸುಳ್ಳು ಬಿಲ್ಲು ಮಾಡುವವನು ಎಂಜಿನ್ ಆಯಿಲ್ ಬರೆಯುತ್ತಾನೆ, ವಾಷರ್ ಬರೆಯಲು ಅವನಿಗೆ ಹೊಳೆಯುವುದಿಲ್ಲ. ಆ ಕಾರು ನೋಡಲು ಬಂದವನು ಚೌಕಾಸಿ ಶುರು ಮಾಡಲು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಕೊನೆಗೆ ಬಣ್ಣ ಸರಿಯಿಲ್ಲ ಎಂದ.

ದುಡ್ಡಿನ ಲೆಕ್ಕ ಇಲ್ಲಿದೆ ನೋಡಿ, ಸಾಹೇಬರೇ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಓಡುತ್ತಿರುವಾಗ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಬಹುದು. ಆಮೇಲೆ ಎಂಜಿನ್ ಬಿಚ್ಚುವುದೇ. ಬೆಲ್ಟ್ ಬದಲಿಸಿದ್ದಕ್ಕೆ ಬಿಲ್ಲಿಲ್ಲದಿದ್ದರೆ ಕೊಳ್ಳುವವನು ಬೆಲ್ಟು, ಟೆನ್ಷನರು, ವಾಟರ್ ಪಂಪು, ಕೂಲಿ ಎಲ್ಲವನ್ನೂ ದರದಲ್ಲಿ ಮುರಿದುಕೊಳ್ಳುತ್ತಾನೆ. ಕ್ಲಚ್ಚಿಗೂ ಹಾಗೇ, ಗೇರ್ ಆಯಿಲ್ಲಿಗೂ ಹಾಗೇ. ಬಿಲ್ಲಿಲ್ಲದ ಕಾರು ಕೆಟ್ಟಿರಲೇಬೇಕೆಂದಿಲ್ಲ, ಆದರೆ ಕೆಟ್ಟಿದೆ ಎಂದೇ ಬೆಲೆ ಕಟ್ಟಲಾಗುತ್ತದೆ. ಅಲ್ಲಿಗೆ ವರ್ಷ ವರ್ಷ ಆಯಿಲ್ ಬದಲಿಸಿದ ಕೃಷ್ಣರಾಜನಗರದ ರೈತನಿಗೂ, ಐದು ವರ್ಷದಿಂದ ಅದೇ ಕರಿ ಆಯಿಲ್ಲಿನಲ್ಲಿ ಓಡಿಸಿದ ಭೂಪನಿಗೂ ಒಂದೇ ದರ. ಮೋಸಗಾರನಿಗೆ ಲಾಭ, ಕಾಳಜಿ ಮಾಡಿದವನಿಗೆ ದಂಡ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ವ್ಯಾಪಾರವನ್ನೇ ಉದಾಹರಣೆ ಮಾಡಿಕೊಂಡು ಇದನ್ನು ಬರೆದಿದ್ದಾರೆ: ಕೊಳ್ಳುವವನಿಗೆ ಒಳ್ಳೆಯದು ಕೆಟ್ಟದ್ದು ಬೇರ್ಪಡಿಸಲು ಆಗದಿದ್ದರೆ ಒಳ್ಳೆಯ ಕಾರಿನವರು ಸಂತೆಗೇ ಬರುವುದಿಲ್ಲ. 2001ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಹ್ಯಾಂಡ್‌ಪೋಸ್ಟಿಗೆ ಬಂದಿದ್ದರೆ ಇನ್ನೂ ಬೇಗ ಸಿಗುತ್ತಿತ್ತು.

ಅಪಘಾತ, ರಿಪೇರಿ ಬರೆದಿದ್ದರೆ ಬೆಲೆ ಬಿದ್ದುಹೋಗುತ್ತದೆ ಎಂಬುದು ನಿಮ್ಮ ದಲ್ಲಾಳಿಯ ಭಯ. ಅವನನ್ನು ಬಳ್ಳೆ ಆನೆ ಶಿಬಿರದ ಕಡೆ ಕಳಿಸಿ. ನಮ್ಮ ಸೀಮೆಯಲ್ಲಿ ಪೂರ್ತಿ ಸರ್ವಿಸ್ ರೆಕಾರ್ಡ್ ಇರುವ ವಾಹನವೆಂದರೆ ದಸರಾ ಆನೆ ಒಂದೇ. ಅಲ್ಲಿದ್ದ ಅರ್ಜುನ 1968ರಲ್ಲಿ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕವನು. ಮಾವುತನೊಬ್ಬನ ಸಾವಿಗೆ ಕಾರಣನಾದ ಕಪ್ಪು ಪುಟವೂ ಅವನ ದಾಖಲೆಯಲ್ಲಿತ್ತು, ಅದನ್ನು ಯಾರೂ ಹರಿದು ಹಾಕಲಿಲ್ಲ. ಅದನ್ನು ಓದಿಯೇ, ಪಳಗಿಸಿಯೇ, 2012ರಿಂದ 2019ರವರೆಗೆ 8 ಸಲ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರಿಸಿದರು. ಇವತ್ತಿಗೂ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟ ಆನೆಗಳನ್ನು ಮೈಸೂರಿನಲ್ಲಿ ಲಾರಿ ತೂಗುವ ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳುತ್ತಾರೆ, ಹೋದ ವರ್ಷದ ತೂಕದ ಜೊತೆ ತಾಳೆ ನೋಡುತ್ತಾರೆ. ಯಾವ ಆನೆಯನ್ನೂ “ಡಾಕ್ಟ್ರು ಸಾಕಿದ್ದು” ಎಂದು ಅಂಬಾರಿಗೆ ಕಟ್ಟಿದ್ದಿಲ್ಲ.

ಕಾನೂನಿನ ವಿಷಯಕ್ಕೆ ಬರುತ್ತೇನೆ, ಇದು ನಿಮ್ಮ ಒಳ್ಳೆಯದಕ್ಕೆ. ಅಮೆರಿಕದಲ್ಲಿ ಮೀಟರ್ ತಿರುಗಿಸುವುದನ್ನು 1972ರಲ್ಲೇ ಕೇಂದ್ರದ ಕಾನೂನು ಮಾಡಿ ನಿಷೇಧಿಸಿದರು. ಬೆಲ್ಜಿಯಂನಲ್ಲಿ 2006ರ ಡಿಸೆಂಬರಿನಿಂದ, ಕಾರ್-ಪಾಸ್ ಎಂಬ ಕಿಲೋಮೀಟರ್ ಚರಿತ್ರೆಯ ಕಾಗದ ಕೊಡದೆ ಹಳೇ ಕಾರು ಮಾರುವಂತಿಲ್ಲ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಹಳೇ ವಾಹನದ ಡೀಲರುಗಳು ಆರ್‌ಟಿಒ ಬಳಿ ಅಧಿಕಾರಪತ್ರ ಪಡೆಯಬೇಕು, ತಮ್ಮ ವಶದಲ್ಲಿರುವ ಗಾಡಿ ಎಲ್ಲಿಗೆ, ಏಕೆ, ಎಷ್ಟು ಕಿಲೋಮೀಟರ್ ಹೋಯಿತೆಂದು ಎಲೆಕ್ಟ್ರಾನಿಕ್ ರಿಜಿಸ್ಟರಿನಲ್ಲಿ ಬರೆಯಬೇಕು. ಡೀಲರ್ ಹತ್ತಿರವಿದ್ದ ಹದಿನೈದು ದಿನದ ಚರಿತ್ರೆಗೆ ಕಾನೂನಿದೆ, ನಿಮ್ಮ ಹತ್ತಿರವಿದ್ದ ಹನ್ನೆರಡು ವರ್ಷದ ಚರಿತ್ರೆಗೆ ನಿಮ್ಮ ಒಳ್ಳೆಯತನವೇ ಗತಿ.

ಇನ್ನೊಂದು ವಿಚಾರ ಕೇಳಿ ನಿಮಗೆ ನಿದ್ದೆ ಬಾರದಿದ್ದರೆ ಕ್ಷಮಿಸಿ. ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ ಅರ್ಜಿ ಹಾಕಬೇಕು. ಅದಕ್ಕೇ ಫಾರಂ 29, ಫಾರಂ 30. ದಲ್ಲಾಳಿಗಳು ನಿಮ್ಮ ಸಹಿ ಹಾಕಿಸಿಕೊಂಡು ಡ್ಯಾಷ್‌ಬೋರ್ಡಿನಲ್ಲಿ ಇಟ್ಟು ಮೂರು ಕೈ ದಾಟಿಸುತ್ತಾರೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಸ್ಪಷ್ಟ: ಕಾರು ಎಷ್ಟೇ ಕೈ ದಾಟಿರಲಿ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ. ಸಂಜೆ ಆರಕ್ಕೆ ಕಾಡಿನ ಗೇಟು ಹಾಕುತ್ತಾರೆಂದು ಬಾವಲಿ ರಸ್ತೆಯಲ್ಲಿ ಯಾವನೋ ನಿಮ್ಮ ಕೆಎ-45 ಕಾರನ್ನು ಓಡಿಸಿಕೊಂಡು ಹೋಗಿ ಯಾರಿಗಾದರೂ ಗುದ್ದಿದರೆ ನೋಟೀಸು ನಿಮಗೆ ಬರುತ್ತದೆ. ನಿಮ್ಮನ್ನು ಹುಡುಕಲು ಪೋಸ್ಟ್‌ಮ್ಯಾನ್‌ಗೆ ಆಗದಿದ್ದರೂ ಟ್ರಿಬ್ಯೂನಲ್ಲಿಗೆ ಆಗುತ್ತದೆ.

ಆದ್ದರಿಂದ ಒಂದು ಬಿನ್ನಹ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಗಿ ದುಡ್ಡು ರೈತರ ಬ್ಯಾಂಕ್ ಖಾತೆಗೆ ಬೀಳುತ್ತಿದ್ದಂತೆ ನಿಮ್ಮ ಕಾರುಗಳಿಗೆ ಗಿರಾಕಿ ಏಳುತ್ತದೆ. ಅಷ್ಟರೊಳಗೆ ಸರ್ವಿಸ್ ಬುಕ್ಕು, ಬಿಲ್ಲು, ಇನ್ಶೂರೆನ್ಸ್ ಕ್ಲೇಮಿನ ಕಾಗದ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹ್ಯಾಂಡ್‌ಪೋಸ್ಟಿಗೆ ಖುದ್ದಾಗಿ ದಯಮಾಡಿಸಿ. ಜೆರಾಕ್ಸ್ ನನ್ನ ಖರ್ಚು. ನೀವು ಬರುವ ತನಕ ನನ್ನ ಹತ್ತಿರ ಫಾರಂ ತುಂಬಿಸಲು ಬಂದವರಿಗೆಲ್ಲ ನಾನು ಹೇಳುವುದು ಇಷ್ಟೇ: ಡಾಕ್ಟರ ಹೆಸರು ಹೇಳಿದರೆ ಡಾಕ್ಟರ ಫೋನ್ ನಂಬರ್ ಕೇಳಿ. ಕೊಡದಿದ್ದರೆ ಅಡ್ವಾನ್ಸ್ ಕೊಡಬೇಡಿ.

ಇಂತಿ ತಮ್ಮ ವಿಧೇಯ,
ಫಾರಂ 29, 30 ತುಂಬಿಕೊಡುವವ,
ಹ್ಯಾಂಡ್‌ಪೋಸ್ಟ್, ಹೆಗ್ಗಡದೇವನಕೋಟೆ